ದೇವರ ಜಗಲಿ ಮೇಲಿನ ಕಾರ್ಡು

ಈ ಸಲ ಯುಗಾದಿಗೆ ಕೆಲವು ದಿನ ಮುಂಚೆ ಕಂಪ್ಲಿಯಿಂದ ಚಿಕ್ಕಮ್ಮ ಫೋನ್ ಮಾಡಿದಳು. ಅವಳು ಅವ್ವನ ತಂಗಿ. ಹೇಗಿದ್ದೀರಿ ಎಂದೂ ಕೇಳದೆ ನೇರ ವಿಷಯಕ್ಕೇ ಬಂದಳು.

"ಯವ್ವಾ, ನನಗೊಂದು ಕಾರ್ಡು ಬಂದೈತಿ ಪೋಸ್ಟ್‌ನ್ಯಾಗ. ತೋರಿಸಿದ್ರ ಗುಳಿಗಿ ರೇಟು ಕಮ್ಮಿ ಮಾಡ್ತಾರಂತ. ನಂಬಬಹುದೇನು?"

ನಾನು ಟಿ.ಬಿ. ಡ್ಯಾಂನ ಕಾಲುವೆ ಕಚೇರಿಯಲ್ಲಿ ಗುಮಾಸ್ತೆ. ಎದುರಿಗೆ ಫೈಲು, ಪಕ್ಕದಲ್ಲಿ ಅರ್ಧ ಕುಡಿದಿಟ್ಟ ಚಹಾ. ಆ ಮಾತು ಕೇಳಿದಾಗ ಏನಾದರೂ ಅನಿಸಬೇಕಿತ್ತು. ಏನೂ ಅನಿಸಲಿಲ್ಲ.

"ಕಾರ್ಡು ಹಂಗಿರಲಿ ಚಿಕ್ಕಮ್ಮ. ಮನ್ಯಾಗ ಗುಳಿಗಿ ಅದಾವಿಲ್ಲೋ?" ಎಂದೆ.

ಅವಳು ಫೋನ್ ಇಟ್ಟುಬಿಟ್ಟಳು.

ಅಂಥದೇ ಕಾರ್ಡು ಹೋದ ವರ್ಷ ಯುಗಾದಿಗೆ ಮುಂಚೆ ಹೊಸಪೇಟೆಯ ನಮ್ಮ ಮನೆಗೂ ಬಂದಿತ್ತು, ಅವ್ವನ ಹೆಸರಿಗೆ. ಮನೆಯಲ್ಲಿ ಇರುವುದು ನಾವಿಬ್ಬರೇ, ಅವ್ವ ಮತ್ತು ನಾನು. ಅವಳಿಗೆ ಬಿ.ಪಿ. ಇತ್ತು, ಒಮ್ಮೆ ಎದೆನೋವೂ ಬಂದು ಹೋಗಿತ್ತು. ಬಿ.ಪಿ. ಗುಳಿಗೆಯ ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ಇನ್ನೊಂದು ಗುಳಿಗೆ. ಎರಡನ್ನೂ ಒಂದು ದಿನವೂ ತಪ್ಪಿಸಬಾರದು ಎಂದು ಡಾಕ್ಟರು ಕಣ್ಣು ಬಿಟ್ಟು ಹೇಳಿದ್ದರು.

ಪುಕ್ಕಟೆ, ರಿಯಾಯಿತಿ ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಚಪ್ಪಲಿ ಅಂಗಡಿಯವನು ಪಾಲಿಶ್ ಡಬ್ಬಿ ಪುಕ್ಕಟೆ ಕೊಡುತ್ತೇನೆಂದರೆ ಚಪ್ಪಲಿಯನ್ನು ಇನ್ನೊಮ್ಮೆ ತಿರುಗಿಸಿ ನೋಡುವವಳು ನಾನು. ಅವ್ವನ ವಿಳಾಸ ಈ ಕಾರ್ಡಿನವರಿಗೆ ಹೇಗೆ ಸಿಕ್ಕಿತು ಎಂದು ಜಗಳ ತೆಗೆದೆ. ಕಮಲಾಪುರದಲ್ಲಿ ನಡೆದ ಉಚಿತ ತಪಾಸಣೆ ಶಿಬಿರಕ್ಕೆ ಹೋಗಿ ಹೆಸರು, ಮನೆ, ಫೋನ್ ನಂಬರು, ತಿನ್ನುವ ಗುಳಿಗೆ ಎಲ್ಲ ಬರೆಸಿ ಬಂದಿದ್ದಳಂತೆ.

"ಜಾತಕ ಒಂದು ಬಿಟ್ಟು ಎಲ್ಲಾ ಕೊಟ್ಟು ಬಂದೀಯಲ್ಲವ್ವ!"

"ಕೇಳಿದ್ರ ಅದನ್ನೂ ಕೊಡ್ತಿದ್ದೆ," ಎಂದಳು.

ಹೊಳೆಯುವ ನೀಲಿ ಕಾರ್ಡು. ಅದರ ಮೇಲೆ ಸಾಲು ಹಲ್ಲು ತೋರಿಸಿ ನಗುವ ಮುದುಕ ಮುದುಕಿಯ ಚಿತ್ರ. ಇಷ್ಟು ಗಟ್ಟಿ ಹಲ್ಲಿದ್ದವರಿಗೆ ಗುಳಿಗೆ ಯಾಕೆ ಬೇಕು ಎಂದೆ. ಅವ್ವ ನಗಲಿಲ್ಲ. ಅಪ್ಪನಿಗೆ ಸಂಡೂರಿನ ಗಣಿಯಲ್ಲಿ ಕೆಲಸ ಸಿಕ್ಕ ಆರ್ಡರು ಬಂದದ್ದು ಪೋಸ್ಟಿನಲ್ಲಿ. ಅಪ್ಪ ತೀರಿಕೊಂಡ ಮೇಲೆ ಅವ್ವನ ಪಿಂಚಣಿಯನ್ನು ಮನೆ ಬಾಗಿಲಿಗೆ ತಂದುಕೊಟ್ಟವನೂ ಪೋಸ್ಟ್‌ಮನ್. ಪೋಸ್ಟಿನಲ್ಲಿ ಬಂದದ್ದು ಯಾವತ್ತೂ ಸುಳ್ಳಾಗಿರಲಿಲ್ಲ, ಇದೂ ಆಗುವುದಿಲ್ಲ ಎಂಬುದು ಅವಳ ವಾದ. ನಮ್ಮ ಮನೆಗೆ ಹೊಸದೇನು ಬಂದರೂ ಮೊದಲು ದೇವರ ಜಗಲಿಗೆ ಹೋಗಬೇಕು. ಹೊಸ ಸೀರೆ, ನನ್ನ ಸ್ಕೂಟಿಯ ಕೀಲಿ, ಎಲ್ಲ ಹಾಗೇ ಹೋಗಿ ಬಂದವು. ಕಾರ್ಡಿಗೂ ವಿಭೂತಿ ಎಳೆದು ಜಗಲಿಯ ಮೇಲಿಟ್ಟಳು.

ಕಾರ್ಡಿನ ಹಿಂದಿದ್ದ ನಂಬರಿಗೆ ನನ್ನ ಕೈಯಿಂದಲೇ ಫೋನ್ ಮಾಡಿಸಿದಳು. ಒಬ್ಬ ಹುಡುಗಿ ಸವಿಯಾಗಿ ಮಾತಾಡಿ, ಕೆಲವು ದಿನಗಳಲ್ಲಿ ಕಾರ್ಡು ಚಾಲೂ ಆಗುತ್ತದೆ, ಆಗ ಮೆಸೇಜ್ ಬರುತ್ತದೆ ಎಂದಳು. ದುಡ್ಡು ಕೇಳಲಿಲ್ಲ, ಓಟಿಪಿ ಕೇಳಲಿಲ್ಲ. ನನ್ನ ಹೆದರಿಕೆಯೆಲ್ಲ ಬ್ಯಾಂಕ್ ಖಾತೆಯದು. ಖಾತೆಗೆ ಯಾರೂ ಕೈ ಹಾಕಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡು ಮಾರ್ಚ್ ತಿಂಗಳ ಆಫೀಸಿನ ಲೆಕ್ಕಗಳಲ್ಲಿ ಮುಳುಗಿಹೋದೆ.

ಅವ್ವ ಕಂಪ್ಲಿಯ ಭತ್ತ ಬೆಳೆಯುವ ಮನೆಯಲ್ಲಿ ಹುಟ್ಟಿದವಳು. ಹೊಸ ಭತ್ತ ಇನ್ನೇನು ಮಿಲ್ಲಿಗೆ ಬರುತ್ತದೆ ಅನ್ನುವಾಗ ಅಕ್ಕಿ ಕೊಳ್ಳುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ರೇಟು ಇಳಿಯುವುದು ಗೊತ್ತಿದ್ದೂ ಕೊಳ್ಳುವವರಿಗೆ ಬುದ್ಧಿ ಇಲ್ಲ ಎನ್ನುತ್ತಿದ್ದಳು. ಅಂಥ ದಿನಗಳಲ್ಲಿ ನಮ್ಮ ಮನೆಯಲ್ಲಿ ರೊಟ್ಟಿ ಮಾಡಿ ದಿನ ದೂಡುವುದು ರೂಢಿ. ಅದೇ ಲೆಕ್ಕವನ್ನು ಅವಳು ಗುಳಿಗೆಗೂ ಹಾಕಿದಳು. ಕಾರ್ಡು ಚಾಲೂ ಆಗುವ ಮುಂಚೆಯೇ ಗುಳಿಗೆ ಮುಗಿದಿದ್ದವು. ಅಕ್ಕಿ ಇಲ್ಲದಾಗ ರೊಟ್ಟಿ ತಿಂದ ಹಾಗೆ ಇದನ್ನೂ ನಡೆಸಬಹುದು ಅಂದುಕೊಂಡಿರಬೇಕು. ನನಗೆ ಹೇಳಲಿಲ್ಲ.

ಮೆಸೇಜ್ ಬಂದದ್ದು ಯುಗಾದಿಯ ಹಿಂದಿನ ಸಂಜೆ, ಅಮಾವಾಸ್ಯೆಯ ದಿನ. ನಾನೇ ಓದಿ ಹೇಳಿದೆ.

"ನಾಳೆ ಬ್ಯಾಡ," ಎಂದಳು ಅವ್ವ. "ಯುಗಾದಿ ದಿನ ಮನಿಗೆ ಗುಳಿಗಿ ತಂದ್ರ ವರ್ಷಪೂರ್ತಿ ತರಬೇಕಾಗ್ತೈತಿ. ನಾಡಿದ್ದು ತಂದ್ರಾತು."

ಆ ದಿನ ಏನು ಮಾಡಿದರೂ ಅದೇ ವರ್ಷವಿಡೀ ಎಂಬ ನಂಬಿಕೆ ನಮ್ಮ ಕಡೆ ಎಲ್ಲರದೂ. ಅದಕ್ಕೇ ಯುಗಾದಿಯಂದು ಅಳಬಾರದು, ಬೈಯಬಾರದು, ಆಸ್ಪತ್ರೆಯ ಮೆಟ್ಟಿಲು ಹತ್ತಬಾರದು. ಕಿಟಕಿಯಲ್ಲಿದ್ದ ಸ್ಟೀಲಿನ ಡಬ್ಬಿಯ ತುಂಬ ಗುಳಿಗೆಯ ಸ್ಟ್ರಿಪ್ಪುಗಳಿರುವುದನ್ನು ನಾನು ದಿನಾ ನೋಡುತ್ತಿದ್ದೆ. ಹೂಂ ಎಂದೆ.

ಮರುದಿನ ಬೇವು ಬೆಲ್ಲ ತಿಂದು ಅವ್ವ ಹೋಳಿಗೆ ಲಟ್ಟಿಸಲು ಕೂತಳು. ಲಟ್ಟಣಿಗೆ ಕೈಯಿಂದ ಜಾರಿತು. ಎತ್ತಿಕೊಂಡಳು, ಮತ್ತೆ ಜಾರಿತು. ಏನವ್ವಾ ಎಂದೆ. ನನ್ನ ಕಡೆ ನೋಡಿ ಏನೋ ಹೇಳಿದಳು. ಅದು ಮಾತಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು, "ಗುಳಿಗಿ ಬಿಟ್ಟಿದ್ರೇನು?" ಎಂದು ಕೇಳಿದರು.

"ಇಲ್ರಿ, ದಿನಾ ತಗೋತಾರ," ಎಂದೆ, ಬಹಳ ಧೈರ್ಯವಾಗಿ.

ಅವಳ ಸೀರೆ ತರಲು ಮನೆಗೆ ಬಂದವಳು ಡಬ್ಬಿಯನ್ನೂ ಒಯ್ಯೋಣವೆಂದು ತೆರೆದೆ. ಎಲ್ಲವೂ ಖಾಲಿ ಸ್ಟ್ರಿಪ್ಪುಗಳು. ಓದು ಬಾರದ ಅವ್ವ ಅಂಗಡಿಯಲ್ಲಿ ಗುರುತಿಗೆ ತೋರಿಸಲು ಖಾಲಿಯಾದವನ್ನೂ ಎಸೆಯದೆ ರಬ್ಬರ್ ಬ್ಯಾಂಡ್ ಹಾಕಿ ಇಟ್ಟುಕೊಳ್ಳುತ್ತಿದ್ದಳು. ಹೋಳಿಗೆಯ ಹಿಟ್ಟು ಒಣಗುತ್ತಿತ್ತು. ಅದರ ಮೇಲೆ ಒದ್ದೆ ಬಟ್ಟೆ ಮುಚ್ಚಿದೆ. ಯಾಕೆ ಮುಚ್ಚಿದೆನೋ ಗೊತ್ತಿಲ್ಲ. ಜಗಲಿಯಿಂದ ಕಾರ್ಡು ತೆಗೆದುಕೊಂಡು ಹೊರಟೆ.

ಡಾಕ್ಟರು ಬರೆದುಕೊಟ್ಟಿದ್ದ ಔಷಧಕ್ಕೆ ನಮ್ಮ ಎಂದಿನ ಅಂಗಡಿಗೇ ಹೋದೆ. ಅರ್ಧ ಷಟರ್ ಎಳೆದಿದ್ದರು. ಚೀಟಿಯ ಜೊತೆ ಕಾರ್ಡನ್ನೂ ಕೊಟ್ಟೆ. ಅಂಗಡಿಯವನು ತಿರುಗಿಸಿ ನೋಡಿದ.

"ಇದು ನಮ್ಮಲ್ಲಿ ನಡಿಯಂಗಿಲ್ರಿ ಅಕ್ಕಾರ. ಸುಳ್ಳಲ್ಲ, ದೊಡ್ಡ ಊರಾಗ ಕೆಲವು ಅಂಗಡ್ಯಾಗ ನಡೀತೈತಿ. ಆದ್ರ ಇದರಾಗ ಎಷ್ಟು ಬಿಡ್ತಾರೋ ಅಷ್ಟು ನಾವು ಅಮ್ಮಾರಿಗೆ ಮೊದ್ಲಿಂದಾನೂ ಬಿಟ್ಟೇ ಕೊಡ್ತೀವ್ರಿ. ಅವರು ಒಮ್ಮೆನೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಕೇಳುವುದೆಲ್ಲಿಂದ? ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವ ಅವ್ವ ಔಷಧಕ್ಕೆ ಮಾತ್ರ ಮಾಡುತ್ತಿರಲಿಲ್ಲ. ಔಷಧಕ್ಕೆ ಚೌಕಾಸಿ ಮಾಡಿದರೆ ಅದು ಮೈಗೆ ಹತ್ತುವುದಿಲ್ಲ ಎನ್ನುತ್ತಿದ್ದಳು.

"ಹೌದೇನ್ರಿ," ಎಂದು ಔಷಧ ತೆಗೆದುಕೊಂಡು ಬಂದೆ. ಅಳು ಬರುತ್ತದೆ ಎಂದು ದಾರಿಯುದ್ದಕ್ಕೂ ಕಾದೆ. ಬರಲಿಲ್ಲ. ಒಬ್ಬ ಮೋಸಗಾರನಾದರೂ ಸಿಕ್ಕಿದ್ದರೆ ಅವನ ವಂಶವನ್ನೆಲ್ಲ ಎಳೆದು ಬೈಯುತ್ತಿದ್ದೆ. ಕಾರ್ಡು ಸುಳ್ಳಲ್ಲ, ಅಂಗಡಿಯವನು ಒಳ್ಳೆಯವನು, ಹುಡುಗಿ ಸವಿಯಾಗಿ ಮಾತಾಡಿದ್ದಳು. ಗುಳಿಗೆ ಬಿಟ್ಟದ್ದಕ್ಕೇ ಹೀಗಾಯಿತೇ ಎಂದು ಆಮೇಲೆ ಡಾಕ್ಟರನ್ನು ಕೇಳಿದರೆ, ಅದೂ ಇರಬಹುದು, ತಗೊಂಡಿದ್ದರೂ ಆಗಬಹುದಿತ್ತು ಎಂದರು. ನನಗೆ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ. ಈ ಒಂದು ವರ್ಷ ಹಾಗೇ ಕಳೆದಿದೆ. ಅವ್ವನನ್ನು ನೋಡಿಕೊಳ್ಳಲು ಹಗಲು ಒಬ್ಬ ಹೆಂಗಸು ಬರುತ್ತಾಳೆ. ನಾನು ಆಫೀಸಿಗೆ ಹೋಗುತ್ತೇನೆ, ಬರುತ್ತೇನೆ, ಊಟದ ರುಚಿ ಗೊತ್ತಾಗುವುದಿಲ್ಲ. ಅವ್ವ ಮಂಚದ ಮೇಲಿದ್ದಾಳೆ. ಬಲಗೈ ಏಳುವುದಿಲ್ಲ. "ಹೂಂ" ಎಂಬುದೊಂದು ಬಿಟ್ಟು ಬೇರೆ ಮಾತಿಲ್ಲ.

ಈ ಯುಗಾದಿಯ ಬೆಳಿಗ್ಗೆ ಬೇವಿನೆಲೆ ಹಾಕಿದ ಬಿಸಿನೀರಿನಲ್ಲಿ ಅವಳ ಮೈ ಒರೆಸಿ, ಹಣೆಗೆ ವಿಭೂತಿ ಹಚ್ಚಿದೆ. ಡಬ್ಬಿಯಲ್ಲಿ ಗುಳಿಗೆ ಬೇಕಾದಷ್ಟಿದ್ದವು. ಆದರೂ ಸ್ಕೂಟಿ ತೆಗೆದೆ. ಅಂಗಡಿಯವನು ಪೂಜೆ ಮಾಡಿ ಇನ್ನೇನು ಷಟರ್ ಎಳೆಯುವುದರಲ್ಲಿದ್ದ.

"ಹಬ್ಬದ ದಿನ ಯಾಕ್ರಿ ಅಕ್ಕಾರ? ನಾಳೆ ಒಯ್ದಿದ್ರ ಆಗ್ತಿತ್ತಲ್ರಿ."

"ಇಲ್ರಿ, ಇವತ್ತ ಬೇಕು."

ಮನೆಗೆ ಬಂದು ಗುಳಿಗೆಗಳನ್ನು ದೇವರ ಜಗಲಿಯ ಮೇಲಿಟ್ಟೆ. ಅವ್ವ ಮಂಚದಿಂದಲೇ ನೋಡಿದಳು. ಹುಬ್ಬು ಗಂಟಿಕ್ಕಿದಳು, ಎಡಗೈ ಎತ್ತಿ ಬೇಡ ಎಂಬಂತೆ ಆಡಿಸಿದಳು.

"ಹೌದವ್ವ, ಗೊತ್ತೈತಿ," ಎಂದೆ. "ವರ್ಷಪೂರ್ತಿ ತರಬೇಕಾಗ್ತೈತಿ. ತರ್ತೀನಿ, ನೀ ಇರು."

"ಹೂಂ," ಎಂದಳು. ಯುಗಾದಿಯ ದಿನ ಅಳಬಾರದು. ಅತ್ತುಬಿಟ್ಟೆ.