ಸಂಪೂರ್ಣ ಸಾಕ್ಷರ ಓಣಿಯ ದೊಡ್ಡವ್ವ

ಸುಗಂಧಿ ಬಾಳೆಹಣ್ಣಿನ ವಾಸನೆ ನನಗೆ ಆಗಿಬರುವುದಿಲ್ಲ. ಸುಗಂಧಿಗೇ ಹೆಸರಾದ ಹೊಸಪೇಟೆಯಲ್ಲಿ ಹುಟ್ಟಿ ಬೆಳೆದವಳು ಹೀಗೆ ಹೇಳಿದರೆ ಜನ ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಹೋದ ಭಾನುವಾರ ಓಣಿಯ ಸಮಿತಿಯವರು ಮೂವರು ಬಂದು, ಬಣ್ಣದ ಹಾಳೆ ಸುತ್ತಿದ ಹಣ್ಣಿನ ಬುಟ್ಟಿಯೊಂದನ್ನು ಟೀಪಾಯಿಯ ಮೇಲೆ ಇಟ್ಟರು. ಮೇಲೆ ಸೇಬು, ದಾಳಿಂಬೆ. ಅಡಿಯಲ್ಲಿ ಚೆನ್ನಾಗಿ ಮಾಗಿದ ಒಂದು ಚಿಪ್ಪು ಸುಗಂಧಿ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಮೈ ಉರಿಯಿತು. ಬಂದವರಿಗೆ ಚಹಾ ಬೇಕೇ ಎಂದೂ ಕೇಳಲಿಲ್ಲ.

ನಮ್ಮ ಊರಿಗೆ ಈಗ ಹೆಮ್ಮೆಯ ಸುಗ್ಗಿ. ಜಿಲ್ಲಾ ಕೇಂದ್ರವಾದ ಮೇಲಂತೂ ಕೇಳುವುದೇ ಬೇಡ, ಕಂಬ ಕಂಬಕ್ಕೂ ಒಬ್ಬೊಬ್ಬ ಸಾಧಕರು ಕೈಮುಗಿದು ನಿಂತಿದ್ದಾರೆ. ಓಣಿ ಓಣಿಯ ಸಾಧನೆಗಳನ್ನು ಒಟ್ಟು ಸೇರಿಸಿ ಸ್ಮರಣ ಸಂಚಿಕೆ ತರುತ್ತಾರಂತೆ. ನಮ್ಮ ಓಣಿಯ ಪಾಲಿಗೆ ಬಂದ ಸಾಧನೆ, ಊರಿನ ಮೊದಲ ಸಂಪೂರ್ಣ ಸಾಕ್ಷರ ಓಣಿ ಎಂಬುದು. ಮೂವತ್ತು ವರ್ಷದ ಹಿಂದೆ ಅಕ್ಷರ ಕಲಿಸಿದ ಹುಡುಗಿ ನಾನೇ ಆದ್ದರಿಂದ ಲೇಖನವೂ ನನ್ನದೇ, ಶಾಲೂ ನನಗೇ. ಮುಖಪುಟಕ್ಕೆ ಹಳೆಯ ಪತ್ರಿಕೆಯ ಚಿತ್ರವೊಂದು ಸಿಕ್ಕಿದೆ ಎಂದು ಫೋನಿನಲ್ಲಿ ತೋರಿಸಿದರು. ಶಾಲು ಹೊದ್ದು, ಎದೆಯ ಹತ್ತಿರ ಪುಸ್ತಕ ಹಿಡಿದು, ಕ್ಯಾಮೆರಾವನ್ನು ದುರುಗುಟ್ಟಿ ನೋಡುತ್ತಿರುವ ಒಬ್ಬ ಹೆಂಗಸು.

ಅವಳು ನಮ್ಮ ದೊಡ್ಡವ್ವ. ರಕ್ತಸಂಬಂಧವೇನಿಲ್ಲ, ಓಣಿಗೆಲ್ಲ ಅವಳು ದೊಡ್ಡವ್ವನೇ. ನಮ್ಮ ಮನೆಯಿಂದ ನಾಲ್ಕನೆಯ ಮನೆ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯ ಒಳಕೋಣೆಯಲ್ಲಿ ಹುಲ್ಲು ಹಾಸಿ ಸುಗಂಧಿ ಗೊನೆಗಳನ್ನು ಹಣ್ಣಿಗೆ ಹಾಕುತ್ತಿದ್ದಳು, ಮುಂಜಾನೆ ಬುಟ್ಟಿ ಹೊತ್ತು ಮಾರ್ಕೆಟ್ಟಿಗೆ ಹೋಗುತ್ತಿದ್ದಳು. ಬಾಯಿ ಬಹಳ ಜೋರು. ಹಣ್ಣು ಹಿಸುಕಿ ನೋಡುವ ಗಿರಾಕಿಗೆ, “ಹಣ್ಣೈತ್ರಿ ಅದು, ನಿಮ್ಮ ಮಗನ ಗಲ್ಲ ಅಲ್ಲ, ಹಿಸಕಬ್ಯಾಡ್ರಿ” ಎಂದು ಮುಖದ ಮೇಲೆಯೇ ಹೇಳುತ್ತಿದ್ದಳು. ಆದರೆ ಅದೇ ಬಾಯಿ ಬಸ್ ನಿಲ್ದಾಣದಲ್ಲಿ ಮೆತ್ತಗಾಗುತ್ತಿತ್ತು...

ಅವಳಿಗೆ ಇದ್ದದ್ದು ಒಬ್ಬಳೇ ಮಗಳು. ನನಗಿಂತ ಒಂದು ವರ್ಷ ಚಿಕ್ಕವಳು, ನನ್ನ ಜೊತೆ ಕುಂಟಬಿಲ್ಲೆ ಆಡಿದವಳು. ಅವಳನ್ನು ಸಂಡೂರು ತಾಲ್ಲೂಕಿನ ವಡ್ಡು ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಮಗಳನ್ನು ನೋಡಲು ಹೋಗಬೇಕೆಂದರೆ ದೊಡ್ಡವ್ವ ಬಸ್ ನಿಲ್ದಾಣದಲ್ಲಿ ಕಂಡಕಂಡವರನ್ನು, ಇದು ಎಲ್ಲಿಗೆ ಹೋಗುತ್ತದೆ, ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕಿತ್ತು. ಒಮ್ಮೆ ಯಾರೋ ಪಡ್ಡೆಗಳು ಬೇಕೆಂದೇ ಕಂಪ್ಲಿ ಬಸ್ಸು ಹತ್ತಿಸಿದ್ದರು. ಟಿಕೆಟ್ ಕೇಳುವಾಗ ಕಂಡಕ್ಟರ್ ಬೈದು ದಾರಿಯಲ್ಲಿ ಇಳಿಸಿದ. ಬಿಸಿಲಲ್ಲಿ ಅಷ್ಟು ದೂರ ನಡೆದುಕೊಂಡೇ ಬಂದಿದ್ದಳು.

ಹಾಗಾಗಿ ಸಾಕ್ಷರತಾ ಆಂದೋಲನ ನಮ್ಮ ಓಣಿಗೆ ಬಂದಾಗ ಮೊದಲು ಸ್ಲೇಟು ಹಿಡಿದು ಬಂದವಳು ಅವಳೇ. ನಾನಾಗ ಡಿಗ್ರಿ ಮುಗಿಸಿ ಮನೆಯಲ್ಲಿದ್ದೆ, ಸ್ವಯಂಸೇವಕಿ ಎಂಬ ಬ್ಯಾಡ್ಜು ಹಾಕಿಕೊಂಡು ಓಣಿಯ ತುಂಬ ಓಡಾಡುತ್ತಿದ್ದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಗುಡಿಯ ಕಟ್ಟೆಯ ಮೇಲೆ ಪಾಠ. ದೊಡ್ಡವ್ವ ಮೊದಲ ದಿನವೇ ನನಗೆ ಕರಾರು ಹಾಕಿದಳು.

“ನನಗ ಕಥಿ ಪುಸ್ತಕ ಬ್ಯಾಡ, ಪುರಾಣ ಬ್ಯಾಡ. ಬಸ್ಸಿನ ಬೋರ್ಡು ಓದಂಗ ಮಾಡಿಬಿಡು ಸಾಕು. ಮಂದೀನ ಕೇಳಿ ಕೇಳಿ ಸಾಕಾಗೈತಿ.”

ನಿಧಾನವಾಗಿಯಾದರೂ ಕಲಿಯುತ್ತಿದ್ದಳು. ನಾಲ್ಕು ಅಕ್ಷರ ಬಂದಿದ್ದವು, ಐದನೆಯದು ಬರುವಾಗ ಎರಡನೆಯದು ಮರೆಯುತ್ತಿತ್ತು. ಇನ್ನು ಆರು ತಿಂಗಳು ಕೂತಿದ್ದರೆ ಖಂಡಿತ ಓದುತ್ತಿದ್ದಳು. ಇದನ್ನು ಇಪ್ಪತ್ತೈದು ವರ್ಷ ಮೇಷ್ಟ್ರಿಕೆ ಮಾಡಿದವಳಾಗಿ ಹೇಳುತ್ತಿದ್ದೇನೆ, ಅವಳಿಗೆ ಬುದ್ಧಿಯೇನೂ ಕಡಿಮೆ ಇರಲಿಲ್ಲ. ಕಡಿಮೆ ಇದ್ದದ್ದು ನಮ್ಮ ಓಣಿಯ ಹಿರಿಯರಿಗೆ, ತಾಳ್ಮೆ.

ಪಕ್ಕದ ಓಣಿಯವರು ನಮಗಿಂತ ಮೊದಲೇ ಸಂಪೂರ್ಣ ಸಾಕ್ಷರ ಎಂದು ಘೋಷಿಸಿಕೊಳ್ಳಲಿದ್ದಾರೆ ಎಂಬ ಸುದ್ದಿ ಬಂತು. ಅಲ್ಲಿಗೆ ಮುಗಿಯಿತು. ಅಕ್ಕಿ ಅಂಗಡಿಯ ಯಜಮಾನರೊಬ್ಬರು ನಮ್ಮ ಸಮಿತಿಗೆ ಮುಖ್ಯರು. ಸಹಿ ಹಾಕಲು ಬರುವವರೆಲ್ಲ ಸಾಕ್ಷರರೇ ಎಂದು ಅವರೇ ತೀರ್ಮಾನ ಕೊಟ್ಟರು, ಬರುವ ವಾರವೇ ಸಮಾರಂಭ ಎಂದರು. ಅಕ್ಷರ ಬದಿಗಿಟ್ಟು ನಾನು ಎಲ್ಲರಿಗೂ ಅವರವರ ಹೆಸರನ್ನು ರಂಗೋಲಿಯ ಎಳೆಯಂತೆ ತಿದ್ದಿಸಿದೆ. ವೇದಿಕೆಯ ಮೇಲೆ ಒಬ್ಬರು ಪಾಠ ಓದಬೇಕಿತ್ತಲ್ಲ, ಗಟ್ಟಿ ಗಂಟಲು ಎಂದು ದೊಡ್ಡವ್ವನನ್ನು ಆರಿಸಿದೆ. ಪುಸ್ತಕದ ಒಂದು ಪುಟವನ್ನು ಅವಳಿಗೆ ಬಾಯಿಪಾಠ ಮಾಡಿಸಿದೆ. ಯಾರೋ ಒತ್ತಾಯ ಮಾಡಿದರು ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ನಾನು ಉತ್ಸಾಹದಿಂದಲೇ ಮಾಡಿದೆ. ನನ್ನ ಹೆಸರೂ ಮೈಕಿನಲ್ಲಿ ಬರುವುದಿತ್ತು.

“ಇದು ಓದಾದಲ್ಲಲೇ ಹುಡುಗಿ, ಹಾಡು ಒಪ್ಪಿಸಿದಂಗ ಆತು” ಎಂದಳು ದೊಡ್ಡವ್ವ.

“ಫಂಕ್ಷನ್ ಮುಗೀಲಿ ದೊಡ್ಡವ್ವ, ಆಮ್ಯಾಲ ಬೋರ್ಡು ಕಲಿಸ್ತೀನಿ” ಎಂದೆ.

ಫಂಕ್ಷನ್ ಮುಗಿಯಿತು. ಅವಳು ಒಂದಕ್ಷರ ತಪ್ಪದೆ ಒಪ್ಪಿಸಿದಳು, ಅಧಿಕಾರಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಶಾಲು ಬಿತ್ತು, ಮರುದಿನ ಪತ್ರಿಕೆಯಲ್ಲಿ ಚಿತ್ರ ಬಂತು. ಅದರ ಮರುದಿನ ಕಟ್ಟೆಯ ಮೇಲಿನ ಪಾಠ ನಿಂತಿತು. ಕಾಗದದ ಮೇಲೆ ಓಣಿಯಲ್ಲಿ ಅನಕ್ಷರಸ್ಥರೇ ಇಲ್ಲವೆಂದ ಮೇಲೆ ಯಾರಿಗೆ ಕಲಿಸುವುದು? ಸ್ಲೇಟು, ಕಪ್ಪು ಹಲಗೆ ಎಲ್ಲವನ್ನೂ ವಾಪಸು ತೆಗೆದುಕೊಂಡು ಹೋದರು. ಅಟ್ಟ ಹತ್ತಿಸಿ ಏಣಿ ತೆಗೆಯುವುದು ಎಂದರೆ ಇದೇ. ದೊಡ್ಡವ್ವ ಎರಡು ಸಲ ನಮ್ಮ ಮನೆಗೆ ಬಂದು ಬೋರ್ಡಿನ ಪಾಠ ಯಾವಾಗ ಎಂದು ಕೇಳಿದಳು. ನನಗೆ ಬಿ.ಎಡ್. ಸೀಟಿನ ಓಡಾಟ. ಎರಡು ಸಲವೂ ನಾಳೆ ಎಂದೆ...

ಇಷ್ಟೇ ಆಗಿದ್ದರೆ ಒಂದು ಮಾತು ತಪ್ಪಿದ ಪಾಪ ನನ್ನ ತಲೆಗಿರುತ್ತಿತ್ತು, ಅಷ್ಟೆ. ಆದರೆ ಆ ಚಿತ್ರ ಬಸ್ ನಿಲ್ದಾಣದ ಚಹಾದ ಅಂಗಡಿಯ ಗೋಡೆಯ ಮೇಲೂ ಅಂಟಿಕೊಂಡಿತ್ತು. ಇದು ಯಾವ ಊರಿನ ಬಸ್ಸು ಎಂದು ಅವಳು ಕೇಳಿದರೆ ಜನ ನಗತೊಡಗಿದರು. ಪೇಪರಿನಲ್ಲಿ ಓದುತ್ತೀ, ಬೋರ್ಡು ಓದುವುದಕ್ಕೆ ಏನು ದಾಡಿ ಎಂದರು. ಈ ನಗೆ ಅಕ್ಕಿ ಅಂಗಡಿಯ ಯಜಮಾನರ ಕಿವಿಗೂ ಬಿತ್ತು. ಅವರು ನಗಲಿಲ್ಲ. ಒಂದು ಸಂಜೆ ಅವಳ ಬಾಗಿಲಿಗೆ ಹೋಗಿ, ಓಣಿಯವರೆಲ್ಲ ಕೇಳುವಂತೆ ಹೇಳಿದರು.

“ಇನ್ನ ಮ್ಯಾಲ ಬಸ್‌ಸ್ಟ್ಯಾಂಡಿನ್ಯಾಗ ಯಾರಿಗೂ ಏನೂ ಕೇಳಬ್ಯಾಡ ನೋಡವ್ವಾ. ನಿನ್ನ ಒಬ್ಬಾಕಿ ಮಾನ ಅಲ್ಲ ಇದು, ಓಣಿ ಮಾನ.”

ಎಲ್ಲರಿಗೂ ಅದು ಸರಿಯಾದ ಮಾತು ಎನಿಸಿತು. ನನಗೂ. ಅಂದಿನಿಂದ ದೊಡ್ಡವ್ವ ಕೇಳುವುದನ್ನು ಬಿಟ್ಟಳು. ವಡ್ಡಿನ ಕಡೆ ಹೋಗುವ ಬಸ್ಸಿನ ಕಂಡಕ್ಟರ್ ಒಬ್ಬನ ಮುಖ ಅವಳಿಗೆ ಗುರುತಿತ್ತು. ಅವನು ಬರುವ ತನಕ ಕಾದು, ಅವನು ಹತ್ತಿದ ಬಸ್ಸನ್ನೇ ಹತ್ತುತ್ತಿದ್ದಳು.

ಮಗಳು ಬಸುರಿಯಾದಳು. ಕುಬುಸದ ದಿನ ಗೊತ್ತಾಯಿತು. ನಮ್ಮ ಕಡೆ ಕುಬುಸ ಎಂದರೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬುವ ಸಾಮಾನು ಒಯ್ಯಬೇಕು. ಆರತಿ ಮುಗಿದ ಮೇಲೆ ಮಗಳನ್ನು ಹೆರಿಗೆಗೆ ಕರೆದುಕೊಂಡು ಬರಬೇಕು. ತವರಿನವರು ಎಂದರೆ ಅಲ್ಲಿ ಇದ್ದದ್ದು ಇವಳೊಬ್ಬಳೇ. ತಾಯಿ ಇಲ್ಲದೆ ಮಗಳು ಮಣೆಯ ಮೇಲೆ ಹೇಗೆ ಕೂರಬೇಕು? ದೊಡ್ಡವ್ವ ಬೆಳಗಾಗುವ ಹೊತ್ತಿಗೆಲ್ಲ ಸೀರೆಯ ಚೀಲ ಹಿಡಿದು ಬಸ್ ನಿಲ್ದಾಣದಲ್ಲಿ ಕೂತಿದ್ದಳು.

ಆ ದಿನ ಆ ಕಂಡಕ್ಟರ್ ಬರಲಿಲ್ಲ. ಬಸ್ಸುಗಳು ಬಂದವು, ಜನ ಹತ್ತಿದರು, ಹೋದವು. ಕೆಲವು ಕಂಡಕ್ಟರುಗಳು ಊರಿನ ಹೆಸರು ಕೂಗುತ್ತಿದ್ದರು, ಕೆಲವರು ಸುಮ್ಮನೆ ಸೀಟಿ ಊದಿ ಹೊರಡಿಸುತ್ತಿದ್ದರು. ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬೋರ್ಡು ಓದುವವಳಂತೆ ತಲೆಯೆತ್ತಿ ನೋಡುತ್ತ ಕೂತಿದ್ದಳಂತೆ. ಪಕ್ಕದಲ್ಲಿ ಹತ್ತು ಜನ ಕೂತಿದ್ದರು. ಒಬ್ಬರನ್ನೂ ಕೇಳಲಿಲ್ಲ. ಮಧ್ಯಾಹ್ನ ಕಳೆದ ಮೇಲೆ ಅವನು ಬಂದ, ಇವಳು ಹತ್ತಿದಳು. ಬೆಳಗಿನಿಂದ ವಡ್ಡಿನ ಬಸ್ಸು ಎಷ್ಟು ಹೋದವೆಂದು ಅವನೇ ಲೆಕ್ಕ ಹೇಳಿದನಂತೆ.

ವಡ್ಡು ಮುಟ್ಟುವ ಹೊತ್ತಿಗೆ ಆರತಿ ಮುಗಿದು ಊಟವೂ ಮುಗಿದಿತ್ತು. ಬೀಗರು ತಾವೇ ಸೀರೆ ತಂದು ಉಡಿಸಿದ್ದರು. ಹಣ್ಣು ಮಾರಿ ಮುಗಿಸಿ ಬಿಡುವು ಮಾಡಿಕೊಂಡು ಬಂದೆಯಾ ಎಂದು ಬೀಗಿತ್ತಿ ನಾಲ್ಕು ಜನರ ಮುಂದೆ ಆಡಿದಳು. ಮಗಳನ್ನು ಕಳಿಸಲಿಲ್ಲ. ಮಗಳೂ ಬರುತ್ತೇನೆಂದು ಹಟ ಮಾಡಲಿಲ್ಲ. ಬಸ್ಸು ಕೆಟ್ಟಿತ್ತು ಎಂದು ದೊಡ್ಡವ್ವ ಒಂದು ಸುಳ್ಳು ಹೇಳಿದಳಂತೆ, ಯಾರೂ ನಂಬಲಿಲ್ಲ. ನಿಜ ಹೇಳಲು ಆಗುತ್ತಿರಲಿಲ್ಲ. ಆ ಮನೆಯ ಪಡಸಾಲೆಯಲ್ಲಿ ಅವಳ ಪತ್ರಿಕೆಯ ಚಿತ್ರಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಅತ್ತೆಯ ಮನೆಯಲ್ಲಿ ಮಗಳು ತಲೆಯೆತ್ತಿ ಹೇಳಿಕೊಳ್ಳುತ್ತಿದ್ದದ್ದು ಅದೊಂದನ್ನೇ.

ಇದನ್ನೆಲ್ಲ ದೊಡ್ಡವ್ವ ನಮ್ಮ ಅಂಗಳದಲ್ಲಿ ನಿಂತು ನನಗೆ ಹೇಳಿದಳು. ಅಳಲಿಲ್ಲ, ಧ್ವನಿಯನ್ನೂ ಏರಿಸಲಿಲ್ಲ. ಕೂತುಕೋ ಎಂದರೆ ಕೂರಲಿಲ್ಲ.

“ನೀ ಕಲಿಸಲಿಲ್ಲ, ಹೋಗ್ಲಿ ಬಿಡು. ಕೇಳೋ ಬಾಯಿ ಒಂದಿತ್ತಲ್ಲ ನನಗ, ಅದನ್ನೂ ಕಟ್ಟಿಬಿಟ್ರಿ.”

ಈಗಲಾದರೂ ಕಲಿಸುತ್ತೇನೆ, ನಾಳೆಯಿಂದಲೇ ಬಾ ಎಂದೆ. ನನ್ನ ಕಡೆ ನೋಡಿದಳು. ಮಾರ್ಕೆಟ್ಟಿನಲ್ಲಿ ಹಣ್ಣು ಹಿಸುಕುವವರನ್ನೂ ಅವಳು ಅಷ್ಟು ಕೆಟ್ಟದಾಗಿ ನೋಡಿದ್ದನ್ನು ನಾನು ಕಂಡಿರಲಿಲ್ಲ. ಸ್ಲೇಟು ಹಿಡಿದರೆ ಇಷ್ಟು ದಿನ ಓದಲು ಬರುತ್ತಿರಲಿಲ್ಲ ಎಂಬುದು ಮಗಳ ಮನೆಯ ತನಕ ಮುಟ್ಟುತ್ತದೆ, ಬೇಡ ಎಂದಳು. ಆಮೇಲೆ ನನ್ನೊಡನೆ ಮಾತಾಡಲಿಲ್ಲ. ಮೊಮ್ಮಗನನ್ನು ಅವಳು ಮೊದಲ ಸಲ ಎತ್ತಿಕೊಂಡದ್ದು ಅವನು ನಡೆಯಲು ಕಲಿತ ಮೇಲೆ ಎಂದು ನಮ್ಮವ್ವ ಹೇಳಿದಳು. ನಾನು ಕೆಲಸ ಸಿಕ್ಕು ಸಂಡೂರಿನ ಕಡೆ ಹೋದೆ. ತಿರುಗಿ ಬಂದಾಗ ನಾಲ್ಕನೆಯ ಮನೆಗೆ ಬೇರೆಯವರು ಬಂದಿದ್ದರು...

ಮೊನ್ನೆ ಸಮಿತಿಯವರು ಮತ್ತೆ ಫೋನ್ ಮಾಡಿದರು. ದೊಡ್ಡವ್ವನಿಗೆ ಮರಣೋತ್ತರ ಸನ್ಮಾನವಂತೆ, ಮಗಳು ಬಂದು ತೆಗೆದುಕೊಳ್ಳಲು ಒಪ್ಪುತ್ತಿಲ್ಲವಂತೆ, ನೀವೇ ಒಂದು ಮಾತು ಹೇಳಿ ಎಂದು ನಂಬರ್ ಕೊಟ್ಟರು. ಮೂವತ್ತು ವರ್ಷದ ಮೇಲೆ ಅವಳ ಧ್ವನಿ ಕೇಳಿದೆ. ತಾಯಿಯ ಗಂಟಲೇ.

“ನಮ್ಮವ್ವ ಶ್ಯಾಣ್ಯಾಕಿ ಇದ್ಲಕ್ಕಾ, ಇಲ್ಲ ಅನ್ನಂಗಿಲ್ಲ. ಪೇಪರ್ ಓದಾಕಿ. ನನ್ನ ಕುಬುಸಕ್ಕ ಬರಾಕ ಮಾತ್ರ ಆಕಿಗೆ ಟೈಮ್ ಇದ್ದಿದ್ದಿಲ್ಲ. ನಾ ಯಾಕ ಶಾಲು ಹೊದ್ಕೊಳ್ಳಲಿ?”

ದೊಡ್ಡವ್ವ ತನ್ನ ಜೀವ ಇರುವ ತನಕ ಮುಚ್ಚಿಟ್ಟದ್ದನ್ನು ನಾನು ಬಿಚ್ಚಬಹುದೋ ಬಾರದೋ ಎಂದು ಯೋಚಿಸಲಿಲ್ಲ. ಯೋಚಿಸಿದ್ದರೆ ಮತ್ತೆ ನಾಳೆ ಎನ್ನುತ್ತಿದ್ದೆ. ನಿಮ್ಮವ್ವನಿಗೆ ಓದಲು ಬರುತ್ತಿರಲಿಲ್ಲ, ನಾನು ಕಲಿಸಿರಲಿಲ್ಲ, ಆ ದಿನ ಅವಳು ಬೆಳಗಿನಿಂದ ಹಸಿರು ಸೀರೆ ಇಟ್ಟುಕೊಂಡು ಬಸ್ ನಿಲ್ದಾಣದಲ್ಲೇ ಕೂತಿದ್ದಳು, ನಿಮ್ಮೂರಿನ ಬಸ್ಸುಗಳು ಅವಳ ಮುಂದೆಯೇ ಹೋದವು ಎಂದು ಹೇಳಿಬಿಟ್ಟೆ.

“ಎಷ್ಟು ಬಸ್ಸು ಹೋದ್ವಕ್ಕಾ?” ಎಂದಳು.

“ಮೂರು” ಎಂದೆ.