ಬೊಂಡದ ಸಂಗಾತಿ

ಪದಕೋಶ ಓದಿ ಹಸಿವು ಸತ್ತವರು ನನ್ನನ್ನು ಬಿಟ್ಟರೆ ಬೇರೆ ಯಾರಾದರೂ ಇದ್ದಾರೋ ತಿಳಿಯದು. ಗಾಥಿಕ್ ಎಂಬ ಹಳೆಯ ಜರ್ಮನಿಕ್ ಭಾಷೆಯಲ್ಲಿ ಸಂಗಾತಿಗೆ ‘ಗಹ್ಲೈಬ’ ಎನ್ನುತ್ತಿದ್ದರಂತೆ. ‘ಗ’ ಎಂದರೆ ಜೊತೆ, ಉಳಿದದ್ದು ರೊಟ್ಟಿ. ಒಂದೇ ರೊಟ್ಟಿಯನ್ನು ಹಂಚಿಕೊಂಡು ತಿಂದವನೇ ಸಂಗಾತಿ. ಇಂಗ್ಲಿಷರ ‘ಕಂಪ್ಯಾನಿಯನ್’ ಕೂಡ ಇದೇ ಅಚ್ಚಿನದು ಎಂದು ಪಂಡಿತರ ಊಹೆ. ಪಂಡಿತರ ಊಹೆಯನ್ನು ಸುಲಭಕ್ಕೆ ನಂಬಬಾರದೆಂದು ವಿಶ್ವವಿದ್ಯಾಲಯ ನನಗೆ ಕಲಿಸಿತ್ತು. ಇದನ್ನು ಮಾತ್ರ ನಂಬಿ ಹೆದರಿದೆ.

ಏಕೆಂದರೆ ನನಗಿರುವ ಸಂಗಾತಿ ಒಬ್ಬನೇ, ನರಿಕೊಂಬಿನ ದೂಮಪ್ಪ. ಬಂಟ್ವಾಳದ ಶಾಲೆಯಲ್ಲಿ ನಮ್ಮದು ಒಂದೇ ಬೆಂಚು. ನಾನು ಮೂಡಬಿದಿರೆಯಲ್ಲಿ ಮೇಷ್ಟ್ರಾದ ಮೇಲೂ ರಜೆಯಲ್ಲಿ ಅವನ ಮನೆಗೆ ಹೋಗುತ್ತೇನೆ. ಹೋದಾಗಲೆಲ್ಲ ಅವನು ಮರ ಹತ್ತಿ ಬೊಂಡ, ಎಂದರೆ ಎಳನೀರು, ಇಳಿಸುತ್ತಾನೆ. ಆ ಮನೆಯಲ್ಲಿ ಬೇಯಿಸಿದ್ದನ್ನು ಮಡಿಯ ಮನೆಯ ನಾನು ಮುಟ್ಟುವಂತಿಲ್ಲ, ಬೊಂಡಕ್ಕೆ ಮೈಲಿಗೆಯಿಲ್ಲ. ಇಪ್ಪತ್ತು ವರ್ಷ ಅದನ್ನು ಸ್ನೇಹವೆಂದುಕೊಂಡು ಕುಡಿದೆ.

ಆದರೆ ಒಮ್ಮೆ ಅವನ ಅಮ್ಮ ಬಡಿಸಿದ ಗಂಜಿ ಉಂಡಿದ್ದೇನಲ್ಲ! ನೆರೆ ಬಂದು ಶಾಲೆ ಬೇಗ ಬಿಟ್ಟ ದಿನ. ಸೆಗಣಿ ಸಾರಿಸಿದ ನೆಲ, ಒಲೆಯ ಹೊಗೆ, ಮಾವಿನ ಮಿಡಿ ಎಲ್ಲವೂ ಕಣ್ಣಮುಂದೆ ಉಂಟು. ನಾಲಗೆಗೆ ಮಾತ್ರ ಏನೂ ನೆನಪಿಲ್ಲ. ಕಣ್ಣು ಸಾಕ್ಷಿ ಹೇಳುವಾಗ ನಾಲಗೆ ಯಾಕೆ ಸುಮ್ಮನಿದೆ? ತಡೆಯಲಾರದೆ ಭಾನುವಾರ ಬಸ್ಸು ಹಿಡಿದೆ.

ನನ್ನನ್ನು ಕಂಡು ಆಗಲೇ ಮರದತ್ತ ಹೊರಟಿದ್ದ ದೂಮಪ್ಪ, ನೆರೆಯ ದಿನ ನಾನು ಗಂಜಿ ಉಂಡೆನಾ ಎಂಬ ನನ್ನ ಪ್ರಶ್ನೆಗೆ ನಿಂತ.

“ಅಮ್ಮ ಬಡಿಸಿದ್ದು ಹೌದು ಭಟ್ರೇ. ನೀವು ಬಟ್ಟಲು ನೋಡ್ತಾ ಕೂತಿರಿ, ಮತ್ತೆ ಹೊಟ್ಟೆನೋವು ಅಂದಿರಿ. ನಿಮ್ಮ ಪಾಲು ಕುಡಿದದ್ದು ನಾನು. ಆ ದಿನ ನನಗೆ ಡಬ್ಬಲ್!” ಎಂದು ನಕ್ಕ. “ಅಮ್ಮ ಮಾತ್ರ ಸಾಯುವವರೆಗೆ ಕೇಳ್ತಿದ್ದರು, ಗಂಜಿಗೆ ಉಪ್ಪು ಹೆಚ್ಚಾಗಿತ್ತಾ ಅಂತ.”

ಅವನ ನೆನಪೇ ತಪ್ಪಿರಬಹುದೆಂದು ಮನಸ್ಸು ವಾದ ಹೂಡಿತು. ಆದರೆ ಆ ಹೊಟ್ಟೆನೋವು ನನ್ನದೇ; ಈಗಲೂ ಬೇಡದ ಸಭೆಗಳಿಗೆ ಅದನ್ನೇ ಬಳಸುತ್ತೇನೆ.

“ಇವತ್ತು ಗಂಜಿ ಉಂಟಾ?” ಎಂದೆ.

ಅವನ ನಗು ನಿಂತಿತು. “ಉಂಟು... ಜೊತೆಗೆ ಒಣಮೀನಿನ ಚಟ್ನಿ ಮಾರಾಯ್ರೆ.”

“ಚಟ್ನಿ ನಿನಗಿರಲಿ.”

ಒಂದೇ ಪಾತ್ರೆಯಿಂದ ಎರಡು ಬಟ್ಟಲಿಗೆ ಬಡಿಸಿದ. ಬಡಿಸಿ ನಿಂತೇ ಇದ್ದವನನ್ನು ಕೈಹಿಡಿದು ಕೂರಿಸಿದೆ. ಒಂದು ಗುಟುಕು ಕುಡಿದು, ಅವನ ಅಮ್ಮನಿಗೆ ಕೊಡಬೇಕಿದ್ದ ಉತ್ತರ ಕೊಟ್ಟೆ: “ಉಪ್ಪು ಸರಿಯಾಗಿದೆ.”

ದೂಮಪ್ಪನೂ ಒಂದು ಗುಟುಕು ಕುಡಿದ. “ಎಂತ ಸರಿ? ಉಪ್ಪು ಹಾಕಲೇ ಇಲ್ಲ!” ಎಂದು ಒಳಗೋಡಿದ.