ವೇದಿಕೆಗೆ ಬೆನ್ನು, ಮೆತ್ತೆಗೆ ಕಣ್ಣು

ನೆರೀನಾ ಬ್ರಗಂತಿನಿಯವರ ಬಳಿ ಆ ಶನಿವಾರ ರಾತ್ರಿಯ ಕಾರ್ಯಕ್ರಮದ ಟಿಕೆಟ್ ಇರಲಿಲ್ಲ. ಯಾವ ರಾತ್ರಿಯದ್ದೂ ಇರಲಿಲ್ಲ. ಮೂವತ್ತೆಂಟು ಬೇಸಿಗೆಗಳಿಂದ ಅವರು ಇಟಲಿಯ ವೆರೋನಾದ ಅರೆನಾ ಎಂಬ ಬಯಲು ರಂಗಮಂದಿರದಲ್ಲಿ, ರೋಮನ್ನರ ಕಾಲದ ಕಲ್ಲು ಮೆಟ್ಟಿಲುಗಳಲ್ಲಿ ಕೂರುವವರಿಗೆ ಮೆತ್ತೆ ಬಾಡಿಗೆಗೆ ಕೊಡುತ್ತಾರೆ. ಮುಖ ಜನರ ಕಡೆ, ಬೆನ್ನು ವೇದಿಕೆಯ ಕಡೆ.

ಶನಿವಾರ ಬೆಳಗಿನ ಜಾವ. ನಿನ್ನೆ ಒಪೆರಾಕ್ಕೆ ಬಂದವರು ಬಿಟ್ಟುಹೋದ ಮೆತ್ತೆಗಳನ್ನು ಅವರು ಎತ್ತುತ್ತಿದ್ದಾರೆ. ನೀರಿನ ಪೈಪ್ ಹಿಡಿದು ತೊಳೆಯುವವರು ಬರುವ ಮೊದಲು ಮುಗಿಸಬೇಕು. ಒಮ್ಮೆ ನೆನೆದರೆ ಒಳಗಿನ ಸ್ಪಂಜು ವಾರವಾದರೂ ಆರುವುದಿಲ್ಲ, ನಾರತೊಡಗುತ್ತದೆ. ಪ್ರತಿ ಮೆತ್ತೆಗೂ ಅಂಗೈಯಿಂದ ಒಂದು ಏಟು ಬೀಳುತ್ತದೆ. ಒಣ ಸದ್ದು ಬಂದರೆ ರಾಶಿಗೆ. ಸದ್ದು ಮಂಕಾದರೆ ಮೇಲಿನ ಸಾಲಿಗೆ, ಬಿಸಿಲಿಗೆ. ಇಪ್ಪತ್ತನ್ನು ಒಂದು ಪಟ್ಟಿಯಲ್ಲಿ ಬಿಗಿದು ಹೆಗಲಿಗೇರಿಸಿ ಇಳಿಯುವಾಗ ಅವರು ಮೆಟ್ಟಿಲಿಗೊಮ್ಮೆ ನಿಲ್ಲುತ್ತಾರೆ.

"ಇದನ್ನ ಕಟ್ಟಿದೋರಿಗೆ ಮಂಡಿನೇ ಇರ್ಲಿಲ್ಲ ಅನ್ಸುತ್ತೆ," ಎನ್ನುತ್ತಾರೆ.

ವಯಸ್ಸು ಅರವತ್ತೇಳು. ಚಳಿಗಾಲದಲ್ಲಿ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಕೆಲಸ. ಗಂಡ ಜಿನೋ ಇದ್ದಾಗ ಕೆಳಗಿನ ಸಾಲುಗಳು ಅವರವು, ಮೇಲಿನವು ಇವರವು. ಜಿನೋ ತೀರಿಕೊಂಡ ಮೇಲೆ ಎರಡೂ ಇವರವೇ. ಗುತ್ತಿಗೆದಾರ ಬೇರೆ ಆಳು ಕೊಡಲಿಲ್ಲ. ಇವರೂ ಕೇಳಲಿಲ್ಲ.

ಇವತ್ತು ರಾತ್ರಿ ರಾಕ್ ಸಂಗೀತ. ಫೆರೊವೆಕ್ಯೊ ಎಂಬ ತಂಡ ಮೂವತ್ತು ವರ್ಷಗಳ ನಂತರ ಮತ್ತೆ ಇದೇ ಅರೆನಾಕ್ಕೆ ಬರುತ್ತಿದೆ. ಮಧ್ಯಾಹ್ನಕ್ಕೇ ಅರೆನಾದ ಮುಂದಿನ ಚೌಕದ ಬಾರಿನಲ್ಲಿ ಹಳೆಯ ಅಭಿಮಾನಿಗಳು ಕಿಕ್ಕಿರಿದಿದ್ದಾರೆ. ಪಕ್ಕದೂರು ವಿಚೆಂಜಾದ ಟೈರ್ ಅಂಗಡಿಯ ತುಲ್ಲಿಯೊ ಆ ವರ್ಷದ ಟೀ ಶರ್ಟನ್ನೇ ತೊಟ್ಟು ಬಂದಿದ್ದಾರೆ. ಅದು ಹೊಕ್ಕುಳಿನ ಮೇಲೆಯೇ ನಿಂತಿದೆ.

"ಶರ್ಟು ಕುಗ್ಗಿದೆ," ಎಂದು ಅವರು ಸಮಜಾಯಿಷಿ ಕೊಡುತ್ತಾರೆ.

"ಹೌದೌದು, ಶರ್ಟೇ ಕುಗ್ಗಿರೋದು," ಎನ್ನುತ್ತಾರೆ ಶಾಲೆಯೊಂದರಲ್ಲಿ ಅಡುಗೆ ಮಾಡುವ ಲೊರೆದಾನಾ. ಇಬ್ಬರ ಪರಿಚಯವಾದದ್ದು ಮೂವತ್ತು ವರ್ಷದ ಹಿಂದಿನ ಆ ರಾತ್ರಿಯ ಮಳೆಯಲ್ಲೇ. ಸಂಗೀತದ ನಡುವೆ ಮಳೆ ಸುರಿದು ಕರೆಂಟು ಹೋಗಿತ್ತು. ಜನ ಮೆತ್ತೆಗಳನ್ನು ತಲೆಗೆ ಹಿಡಿದು ಕೂತೇ ಇದ್ದರು. ಗಾಯಕ ಮೈಕಿಲ್ಲದೆ ವೇದಿಕೆಯ ಅಂಚಿಗೆ ಬಂದು ಹಾಡಿದ. ಹಾಡು ಮುಗಿದದ್ದೇ ತಡ, ಮೆತ್ತೆಗಳೆಲ್ಲ ಒಟ್ಟಿಗೆ ಗಾಳಿಗೇರಿದವು.

"ಆಕಾಶನೇ ಕಾಣ್ತಿರ್ಲಿಲ್ಲ ಕಣ್ರೀ," ಎನ್ನುತ್ತಾರೆ ಲೊರೆದಾನಾ. "ನನ್ನ ಮದುವೆ ದಿನ ಮರೆತುಹೋಗಿದೆ. ಇದು ಮರೆತಿಲ್ಲ."

"ಎರಡನೇ ಮದುವೆದೋ, ಮೊದಲನೇದೋ?"

"ಸುಮ್ನೆ ಕುಡಿಯೋ, ಡೊಳ್ಳೊಟ್ಟೆ."

ಎಸ್ಪ್ರೆಸೊ ಕಾಫಿ ಕುಡಿಯಲು ಬಂದ ನೆರೀನಾ ಅಷ್ಟೂ ಹೊತ್ತು ಕೌಂಟರಿನ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದಾರೆ. ಅವರಿಗೆ ನೆನಪಿರುವುದು ಮರುದಿನದ ಬೆಳಗು. ವೇದಿಕೆಯ ಮುಂದೆ ಕೆಸರಿನಲ್ಲಿ ಬಿದ್ದಿದ್ದ ಹರಿದ ಮೆತ್ತೆಗಳನ್ನು ಜಿನೋ ಜೊತೆ ಹಿಂಡಿ ಹಿಂಡಿ ಹರಡಿದ್ದು. ತಿಂಗಳವರೆಗೂ ಮನೆಯೆಲ್ಲ ಒದ್ದೆ ನಾಯಿಯ ವಾಸನೆ.

"ಇವತ್ತೂ ಹಾರಿಸ್ತೀವಿ ಸಿನ್ಯೋರಾ," ಎನ್ನುತ್ತಾರೆ ತುಲ್ಲಿಯೊ, ಮೆತ್ತೆ ಕೊಡುವ ನೆರೀನಾರನ್ನು ಗುರುತು ಹಿಡಿದು. "ಕೊನೇ ಹಾಡಿಗೆ!"

ನೆರೀನಾ ಲೋಟ ಕೆಳಗಿಡುತ್ತಾರೆ. "ವೇದಿಕೆ ಮೇಲೆ ಒಂದು ಬಿದ್ರೂ ನನ್ನ ಕೆಲಸ ಹೋಗುತ್ತೆ. ಗುತ್ತಿಗೆದಾರ ಹೇಳಿಬಿಟ್ಟಿದ್ದಾನೆ. ಗೇಟಲ್ಲಿ ಮೆಷಿನ್ ಇಡ್ತಾನಂತೆ. ಅದರಲ್ಲಿ ರಟ್ಟಿನ ಮೆತ್ತೆ ಬರುತ್ತಂತೆ, ಕೂತು ಬಿಸಾಕೋಕೆ. ನಿಮಗೆ ಒಂದು ರಾತ್ರಿ. ನನಗೆ ಪಿಂಚಣಿಗೆ ಕೆಲಸದ ತಿಂಗಳು ಸಾಲ್ತಿಲ್ಲ, ಇನ್ನೂ ಮೂರು ಬೇಸಿಗೆ ಬೇಕು."

ತುಲ್ಲಿಯೊ ಎದೆಯ ಮೇಲೆ ಕೈಯಿಡುತ್ತಾರೆ. "ನಮ್ಮಮ್ಮನಾಣೆ, ಒಂದೂ ಹಾರಲ್ಲ. ಸಾಲು ಸಾಲಿಗೂ ಹೋಗಿ ನಾನೇ ಹೇಳ್ತೀನಿ."

ಹೇಳಿಯೂ ಹೇಳುತ್ತಾರೆ. ಸಂಜೆ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಆ ಹೊಟ್ಟೆ ಹೊತ್ತುಕೊಂಡು ಏದುಸಿರು ಬಿಡುತ್ತ ಹತ್ತಿ ಇಳಿಯುವುದನ್ನು ನೆರೀನಾ ನೋಡುತ್ತಾರೆ. ಅವರಿವರಿಗೆ ಏನೋ ವಿವರಿಸುತ್ತಿದ್ದಾರೆ, ಜನ ತಲೆಯಾಡಿಸುತ್ತಿದ್ದಾರೆ. ಎರಡು ಸಾವಿರ ಮೆತ್ತೆಗಳೂ ಬಾಡಿಗೆಗೆ ಹೋಗುತ್ತವೆ.

ಕೊನೆಯ ಹಾಡು ಶುರುವಾದಾಗ ಜನ ಎದ್ದು ನಿಲ್ಲುತ್ತಾರೆ. ಮೆತ್ತೆಗಳನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಹಿಡಿಯುತ್ತಾರೆ, ತೂಗುತ್ತಾರೆ. ನೆರೀನಾಗೆ ತಡೆಯಲಾಗುವುದಿಲ್ಲ. ಯಾವುದಾದರೂ ಹಾರಿ ಬಿತ್ತೇ ಎಂದು ನೋಡಲು ಹಿಂದಕ್ಕೆ ತಿರುಗಿ ವೇದಿಕೆಯತ್ತ ಕಣ್ಣು ಹಾಯಿಸುತ್ತಾರೆ. ಅರ್ಧ ಹಾಡು ಹಾಗೆಯೇ ನಿಲ್ಲುತ್ತಾರೆ. ಒಂದೂ ಬೀಳುವುದಿಲ್ಲ.

"ಗಾಯಕ ಅಷ್ಟು ಕುಳ್ಳ ಅಂತ ಗೊತ್ತಿರ್ಲಿಲ್ಲ," ಎಂದಷ್ಟೇ ಆಮೇಲೆ ಹೇಳುತ್ತಾರೆ.

ಭಾನುವಾರ ಬೆಳಗಿನ ಜಾವ ಮೆಟ್ಟಿಲುಗಳು ಅಚ್ಚುಕಟ್ಟಾಗಿವೆ. ಅತಿಯಾಗಿ ಅಚ್ಚುಕಟ್ಟಾಗಿವೆ. ನೆರೀನಾ ಮೇಲಿನ ಸಾಲಿನಿಂದ ಕೆಳಗಿನವರೆಗೆ ಹುಡುಕುತ್ತಾರೆ, ಗೇಟುಗಳ ಹಿಂದೆ ಹುಡುಕುತ್ತಾರೆ. ದಿನಾ ತಲೆಯೆತ್ತರ ಏರುವ ಮೆತ್ತೆಗಳ ರಾಶಿ ಇವತ್ತು ಸೊಂಟದೆತ್ತರಕ್ಕೇ ನಿಂತುಬಿಡುತ್ತದೆ.

ಹೊರಗೆ ಚೌಕದಲ್ಲಿ ತುಲ್ಲಿಯೊ ರೈಲು ಹಿಡಿಯಲು ಹೊರಟಿದ್ದಾರೆ. ಇವರನ್ನು ಕಂಡದ್ದೇ ಮುಖ ಅರಳುತ್ತದೆ.

"ನೋಡಿದ್ರಾ ಸಿನ್ಯೋರಾ? ಮಾತು ಉಳಿಸ್ಕೊಂಡ್ವಿ!"

ಅವರ ಕಂಕುಳಲ್ಲಿ ಮೆತ್ತೆ ಇದೆ.

"ಇದೇನಪ್ಪ?"

"ಇದಾ? ನೆನಪಿಗೆ. ಎಲ್ಲರಿಗೂ ಅದೇ ಹೇಳ್ದೆ. ಎಸೀಬೇಡಿ, ಪಾಪ ಆಯಮ್ಮನ ಕೆಲಸ ಹೋಗುತ್ತೆ, ಬೇಕಾದ್ರೆ ಮನೆಗೆ ತಗೊಂಡೋಗಿ ಅಂತ."

ನೆರೀನಾ ಕೈ ಚಾಚುತ್ತಾರೆ. ತುಲ್ಲಿಯೊ ನೆರೀನಾರ ಮುಖವನ್ನೂ ಮೆತ್ತೆಯನ್ನೂ ನೋಡಿ, ನಾಚಿ ಕೆಂಪಾಗಿ, ಕೊಡುತ್ತಾರೆ. ಕ್ಷಮೆ ಕೇಳಲು ಬಾಯಿ ತೆರೆಯುತ್ತಾರೆ. ನೆರೀನಾ ಮೆತ್ತೆಗೆ ಒಂದು ಏಟು ಹಾಕಿ, ಒಣಗಿದೆಯೆಂದು ಖಾತ್ರಿ ಮಾಡಿಕೊಂಡು ಒಳಗೆ ಹೋಗುತ್ತಾರೆ.

ಗುತ್ತಿಗೆದಾರ ಒಂಬತ್ತಕ್ಕೆ ಬರುತ್ತಾನೆ. ಮೊದಲು ವೇದಿಕೆ ನೋಡುತ್ತಾನೆ, ಆಮೇಲೆ ರಾಶಿ.

"ಎಸೆದಿಲ್ಲ ಅಂದ್ರಲ್ಲ?"

"ಎಸೆದಿದ್ರೆ ಇಲ್ಲೇ ಇರ್ತಿದ್ವು," ಎನ್ನುತ್ತಾರೆ ನೆರೀನಾ.

ಅವನು ನಗುವುದಿಲ್ಲ. ಹೊಸ ಮೆತ್ತೆ ಹೊಲಿಸುವುದಿಲ್ಲವಂತೆ. ಮೆಷಿನ್ ಬುಧವಾರ ಬರುತ್ತದಂತೆ. ಮೆತ್ತೆ ಇಡುವ ಕೋಣೆಯ ಬೀಗದಕೈ ಅಷ್ಟರೊಳಗೆ ಕೊಡಬೇಕಂತೆ. ನೆರೀನಾ ತಲೆಯಾಡಿಸಿ, ಮಂಕು ಸದ್ದಿನ ನಾಲ್ಕು ಮೆತ್ತೆಗಳನ್ನು ಎತ್ತಿಕೊಂಡು ಮೇಲಿನ ಸಾಲಿಗೆ ಹತ್ತುತ್ತಾರೆ. ಬಿಸಿಲು ಆಗಲೇ ಬಂದಿದೆ.

ಹಾರಿದ್ದು ಒಂದೂ ಇಲ್ಲ. ಹೋದದ್ದು ಸಾವಿರದ ನೂರ ಹನ್ನೊಂದು.